ಬಿಚ್ಚಿಟ್ಟ ಸ್ಟೆಪ್ನಿ

ಮೊನ್ನೆ ಮೊಮ್ಮಗ ಸಣ್ಣದೊಂದು ಕಾರು ಕೊಂಡು ತಂದ. ಪೆಟ್ರೋಲ್ ಹಾಕಿಸುವಾಗ ನಾನೂ ಜೊತೆಗಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸಿಂಧನೂರಿನ ನಮ್ಮ ಬಾಜೂಮನೆಯ ಅಣ್ಣ ಕಣ್ಣ ಮುಂದೆ ಬಂದು ನಿಂತ. "ಅಜ್ಜಾ, ಇದು ಲೀಟರಿಗೆ ಎಷ್ಟ್ ಓಡ್ತದ ಗೊತ್ತೇನು?" ಎಂದು ಮೊಮ್ಮಗ ಕೇಳುತ್ತಲೇ ಇದ್ದ.

ನಿಜಾಮರ ರಾಜ್ಯ ಹೋಗಿ ಎರಡು ಮೂರು ವರ್ಷವಾಗಿತ್ತು. ಅಣ್ಣ ಹಳೆಯದೊಂದು ಪುಟ್ಟ ವಿಲಾಯತಿ ಕಾರು ಕೊಂಡು ಸಿಂಧನೂರು, ಮಸ್ಕಿ, ಲಿಂಗಸುಗೂರಿನ ನಡುವೆ ಬಾಡಿಗೆ ಓಡಿಸುತ್ತಿದ್ದ. ನಾನು ಬರಿಗೈಲಿ ಶೇಂಗಾ ವ್ಯಾಪಾರಕ್ಕೆ ಇಳಿದವನು. ವಾರಕ್ಕೆರಡು ಸಲ ಅವನ ಪಕ್ಕದ ಸೀಟು ನನ್ನದೇ. ಅವನಿಗೆ ಪೆಟ್ರೋಲಿನದೇ ಧ್ಯಾನ. ಇಳಿಜಾರು ಬಂದರೆ ಎಂಜಿನ್ ಬಂದ್ ಮಾಡುತ್ತಿದ್ದ. ಟ್ಯಾಂಕಿಗೆ ಬಿದಿರು ಕಡ್ಡಿ ಇಳಿಸಿ, ಎಲ್ಲಿಯವರೆಗೆ ತೊಯ್ದಿದೆಯೆಂದು ಉಗುರಿನಿಂದ ಗುರುತು ಮಾಡುತ್ತಿದ್ದ.

ಬುದ್ಧಿ ಹೇಳುವುದೆಂದರೆ ನನಗೆ ಮೊದಲಿನಿಂದಲೂ ಹುಕಿ. "ಅಣ್ಣಾ, ಎತ್ತಿಗೆ ಹೇರು ಹೆಚ್ಚಾದ್ರ ಮೇವು ಹೆಚ್ಚು ಬೇಕಲ್ಲ? ಕಾರಿಗೂ ಅಷ್ಟ. ಹಿಂದ ಬಿಗಿದೀಯಲ್ಲ, ಆ ಸ್ಟೆಪ್ನಿ ಗಾಲಿ, ಜಾಕು, ನಟ್ಟು ಬಿಚ್ಚೊ ಪಾನಾ ಪೆಟಗಿ, ಎಲ್ಲಾ ಬಿಚ್ಚಿ ಮನ್ಯಾಗ ಇಡು" ಎಂದೆ.

"ದಾರ್ಯಾಗ ಗಾಲಿ ಕೈಕೊಟ್ರ ನೀ ಗಾಲಿ ಆಗ್ತೀಯೇನ್ಲೇ?" ಎಂದು ನಕ್ಕ.

"ಟೈರು ಗಟ್ಟಿ ಅದಾವ. ಯಾಕ ಕೈಕೊಡ್ತಾವ?"

ಒಂದು ತಿಂಗಳು ಬೆನ್ನು ಬಿಡಲಿಲ್ಲ. ಕೊನೆಗೆ ಬಿಚ್ಚಿಟ್ಟ. ಗ್ಯಾಲನ್ನಿಗೆ ಎರಡು ಮೈಲು ಹೆಚ್ಚು ಓಡಿತೆಂದು ಖುಷಿಯಾಗಿ ನನಗೆ ಮಿರ್ಚಿ ಭಜಿ ತಿನ್ನಿಸಿದ.

ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಚೊಚ್ಚಲ ಹೆರಿಗೆಗೆ ಮಸ್ಕಿಯ ತವರಿಗೆ ಹೋಗಿದ್ದಳು. ಬೇಸಿಗೆಯ ಒಂದು ಮಧ್ಯಾಹ್ನ ನಾವಿಬ್ಬರೂ ಅಲ್ಲಿ ಇಳಿದಾಗ ನೋವು ಶುರುವಾಗಿ ಎರಡನೆಯ ದಿನ. ಸೂಲಗಿತ್ತಿ ಅಣ್ಣನನ್ನು ಕಂಡವಳೇ, "ನನ್ನ ಕೈಲಿ ಆಗಂಗಿಲ್ಲಪಾ. ಲಿಂಗಸುಗೂರಿಗೆ ಒಯ್ಯಿ, ಡಾಕ್ಟರಿಗೆ ತೋರಸು" ಎಂದಳು. ಅತ್ತಿಗೆಯನ್ನು ಹಿಂದಿನ ಸೀಟಿನಲ್ಲಿ ಅವಳ ತಾಯಿಯ ತೊಡೆಗೆ ಒರಗಿಸಿ ಹೊರಟೆವು.

ಅರ್ಧ ದಾರಿಯೂ ಆಗಿರಲಿಲ್ಲ, ಟೈರು ಒಡೆಯಿತು. ಅಣ್ಣ ಇಳಿದವನೇ ರೂಢಿಯಂತೆ ನೆಟ್ಟಗೆ ಕಾರಿನ ಹಿಂದಕ್ಕೆ ಹೋದ. ಸ್ಟೆಪ್ನಿ ಇರುತ್ತಿದ್ದ ಜಾಗಕ್ಕೆ ಕೈ ಹಾಕಿದ. ಕೈಗೆ ಸಿಕ್ಕಿದ್ದು ಖಾಲಿ ಬೋಲ್ಟು. ಒಡೆದ ಟೈರಿನ ಮೇಲೆಯೇ ಓಡಿಸಲು ನೋಡಿದ. ಹತ್ತು ಮಾರು ಹೋಗುವುದರೊಳಗೆ ಅತ್ತಿಗೆ ಚೀರಿದಳು, ನಿಲ್ಲಿಸಿದ. ನಾನು ಹೊಲಗಳಲ್ಲಿ ಓಡಾಡಿ ಎತ್ತಿನ ಬಂಡಿಯೊಂದನ್ನು ಹಿಡಿದು ತಂದೆ. ಲಿಂಗಸುಗೂರು ಮುಟ್ಟುವಾಗ ಹೊತ್ತು ಇಳಿದಿತ್ತು. "ಎರಡು ತಾಸು ಮೊದಲು ತಂದಿದ್ದರೆ ನೋಡಬಹುದಿತ್ತು" ಎಂದರು ಡಾಕ್ಟರು. ತಾಯಿ, ಕೂಸು, ಇಬ್ಬರೂ ಉಳಿಯಲಿಲ್ಲ.

ಮೂರನೆಯ ದಿನ ಮಸ್ಕಿಯಲ್ಲಿ ಕೂಡಿದ ಮಂದಿಯ ನಡುವೆ ಅತ್ತಿಗೆಯ ತಮ್ಮ ಎದ್ದು ನಿಂತ. "ಮಾವಾ, ಸ್ಟೆಪ್ನಿ ಯಾಕ ಇರಲಿಲ್ಲ? ಯಾರ ಬುದ್ಧಿ ಅದು?"

ಅಣ್ಣ ತಲೆಯೆತ್ತಿ ಒಮ್ಮೆ ನನ್ನ ಕಡೆ ನೋಡಿದ. "ನಂದ ಬುದ್ಧಿ. ಎಣ್ಣಿ ಉಳಸಾಕ ಬಿಚ್ಚಿಟ್ಟಿದ್ದೆ" ಎಂದ.

"ಎಣ್ಣಿ ಉಳಿಸಿದಿ. ನಮ್ಮಕ್ಕನ್ನ ಮಣ್ಣಿಗಿಟ್ಟಿ" ಎಂದು ಆ ಹುಡುಗ ಅವನ ಕಾಲ ಬಳಿ ಉಗುಳಿದ. ನಾನು ಅದೇ ಕಂಬಳಿಯ ಮೇಲೆ, ಮೊಳದಷ್ಟು ದೂರದಲ್ಲಿ ಕೂತಿದ್ದೆ. ಸಂತೆಯಲ್ಲಿ ನಾಲ್ಕು ಮಂದಿಯ ಬಾಯಿ ಮುಚ್ಚಿಸುತ್ತಿದ್ದವನು ತುಟಿ ಬಿಚ್ಚಲಿಲ್ಲ.

ಅಣ್ಣ ಕಾರು ಮಾರಿದ. ಮತ್ತೆಂದೂ ಸ್ಟೇರಿಂಗ್ ಹಿಡಿಯಲಿಲ್ಲ. ಬಾಗಿಲಲ್ಲಿ ಕಂಡಾಗ "ಊಟ ಆತೇನ್ ತಮ್ಮಾ?" ಎನ್ನುತ್ತಿದ್ದ, ಅಷ್ಟೇ. ಒಂದು ಸಲ ಬೈದಿದ್ದರೂ ನನಗೆ ನಿದ್ದೆ ಬರುತ್ತಿತ್ತೇನೋ...

ಓದುವವರಿಗೆ ಒಂದೇ ಮಾತು ಹೇಳುತ್ತೇನೆ. ಇನ್ನೊಬ್ಬರಿಗೆ ಬುದ್ಧಿ ಹೇಳುವ ಮುಂಚೆ, ಅದು ತಪ್ಪಿದರೆ ಅನುಭವಿಸುವವರು ಯಾರು ಎಂದು ನೋಡಿಕೊಳ್ಳಿ.

ಅಣ್ಣ ತೀರಿಕೊಂಡು ಬಹಳ ವರ್ಷವಾಯಿತು. ಅತ್ತಿಗೆಯ ತಮ್ಮ ಮಸ್ಕಿಯಲ್ಲಿ ಇನ್ನೂ ಇದ್ದಾನೆ. ಅಣ್ಣನ ಮಾತು ಬಂದರೆ ಈಗಲೂ ಎದ್ದು ಹೋಗುತ್ತಾನಂತೆ. ನಾಳೆ ಬಸ್ಸಿಗೆ ಅವನ ಮನೆಗೆ ಹೋಗುತ್ತೇನೆ. ಅಂದು ಉಗುಳಬೇಕಾದದ್ದು ಯಾರ ಕಾಲ ಬಳಿ ಎಂದು ಹೇಳಿ ಬರಬೇಕು. ಅದನ್ನು ಕೇಳಿಸಿಕೊಳ್ಳಬೇಕಾಗಿದ್ದವನು ಮಾತ್ರ ಇಲ್ಲ.