ಕೊಟ್ರಮ್ಮನ ‘ಅವ್ವ’ ಮತ್ತು ಹೊಸ ಬ್ರೌಸರ್

‘ನಿಮ್ಮ ತಾಯಿಯವರಿಗೆ ಮಂಡಿನೋವು ಇದೆಯೇ?’

ಮೊನ್ನೆ ನನ್ನ ಲ್ಯಾಪ್‌ಟಾಪ್ ಹೀಗೆ ಕೇಳಿದಾಗ, ಹೂ ಕಟ್ಟುತ್ತಿದ್ದ ಕೊಟ್ರಮ್ಮನ ಬೆರಳು ನಿಂತವು.

ಕೊಟ್ರಮ್ಮ ಹಡಗಲಿಯಲ್ಲಿ ನಮ್ಮ ಪಕ್ಕದ ಮನೆಯವರು. ಮಗಳು ಸವಿತಾಗೆ ಹರಪನಹಳ್ಳಿಯಲ್ಲಿ ಡಿಗ್ರಿ ಸೀಟು ಸಿಕ್ಕಿದೆ. ಹಾಸ್ಟೆಲ್ ಸಿಕ್ಕರೆ ಓದು, ಇಲ್ಲದಿದ್ದರೆ ಮನೆ ಅಂತ ಅವಳಪ್ಪ ಹೇಳಿಬಿಟ್ಟಿದ್ದಾರೆ. ಆನ್‌ಲೈನ್ ಅರ್ಜಿಗೆ ಅಂದೇ ಕೊನೆಯ ದಿನ, ಸಂಜೆ ಐದರವರೆಗೆ. ಸವಿತಾ ಟಿ.ಸಿ. ತರಲು ಹೋಗಿದ್ದಳು.

ನನ್ನ ಹುಚ್ಚು ನಿಮಗೆ ಗೊತ್ತಲ್ಲ. ಹೊಸದಾಗಿ ಎಐ ಬ್ರೌಸರ್ ಹಾಕಿಕೊಂಡಿದ್ದೇನೆ. ಬಾಯಲ್ಲಿ ಹೇಳಿದರೆ ಸಾಕು, ತಾನೇ ಹುಡುಕಿ ಫಾರಂ ತುಂಬುತ್ತದೆ. (ಸದ್ಯಕ್ಕೆ ಒಂದೇ ಬಗೆಯ ಕಂಪ್ಯೂಟರಿಗೆ. ಬಾಕಿಯವರಿಗೆ ‘ಶೀಘ್ರದಲ್ಲೇ’ ಅಂತ ಬೋರ್ಡು.)

‘ನೀವೇ ಹೇಳ್ರಿ, ಅದಕ್ಕ ಕೇಳ್ತೈತಿ’ ಅಂದೆ.

ಕೊಟ್ರಮ್ಮ ಪರದೆಯ ಮುಂದೆ ಸೆರಗು ಸರಿಮಾಡಿಕೊಂಡರು. ‘ಯಪ್ಪಾ, ನಮ್ಮವ್ವಗ ಹರಪನಹಳ್ಳ್ಯಾಗ ಇರಾಕ ಒಂದು ಜಾಗ ನೋಡು. ಹೊತ್ತಿಗೆ ಸರಿ ಊಟ ಹಾಕ್ಬೇಕು. ಬಾಳ ಸೂಕ್ಷ್ಮ ಅದಾಳ.’

ಬ್ರೌಸರ್ ಭಕ್ತಿಯಿಂದ ಒಂದು ವೃದ್ಧಾಶ್ರಮದ ಫಾರಂ ತೆರೆದು ಮಂಡಿನೋವು ವಿಚಾರಿಸಿತು.

‘ನಮ್ಮವ್ವಗ ಹದಿನೆಂಟು ರೀ’ ಅಂದರು ಕೊಟ್ರಮ್ಮ.

ನಮ್ಮ ಕಡೆ ಮುದ್ದಿನ ಮಗಳು ‘ಅವ್ವ’, ಮಗ ‘ಅಪ್ಪ’. ಪಾಪ, ಅದಕ್ಕೆ ಹೇಗೆ ಗೊತ್ತಾಗಬೇಕು? ನನಗೆ ನಗು ಬಂತು, ಗಡಿಯಾರ ನೋಡಿ ಹೋಯಿತು. ನಾಲ್ಕೂವರೆ! ‘ಅವ್ವ’ ಅಳಿಸಿ ‘ಮಗಳು’, ‘ಜಾಗ’ ಅಳಿಸಿ ‘ಹಾಸ್ಟೆಲ್’ ಅಂತ ಟೈಪ್ ಮಾಡಿದೆ. ಸರಿಯಾದ ಫಾರಂ ಬಂತು. ಐದಕ್ಕೆ ಹತ್ತು ನಿಮಿಷವಿರುವಾಗ ಅರ್ಜಿ ಹೋಯಿತು. ಇಬ್ಬರೂ ಉಸಿರು ಬಿಟ್ಟೆವು.

‘ಇದು ನಮ್ಮ ಫೋನಿಗೆ ಯಾವಾಗ ಬರ್ತೈತ್ರಿ?’

ಕಣಿ ಹೇಳುವವನ ಗತ್ತು ನನಗೆ. ಮೊದಲು ಉಳಿದ ಕಂಪ್ಯೂಟರುಗಳಿಗೆ ಬರುತ್ತದೆ, ಆಮೇಲೆ ದುಬಾರಿ ಫೋನುಗಳಿಗೆ, ಕೊನೆಗೆ ಗಾಜು ಒಡೆದ ನಿಮ್ಮ ಫೋನಿಗೆ ಅಂದೆ. ಮುಂದಿನ ಬೇಸಿಗೆಯ ಮಲ್ಲಿಗೆ ಹೊತ್ತಿಗೆ ಬಂದರೂ ಬಂದೀತು.

ಹೇಳುತ್ತಲೇ ಕನಸಿಗೆ ಜಾರಿದೆ. ನಮ್ಮ ಮಾಗಳದ ಹೊಳೆದಂಡೆಯಿಂದ ಹರಪನಹಳ್ಳಿ ಕಡೆಯ ಅರಸೀಕೆರೆಯ ತನಕ ಹೆಂಗಸರು ಕಟ್ಟೆಗಳ ಮೇಲೆ ಕುಳಿತಿದ್ದಾರೆ. ಕೈಗೆ ಬಿಡುವಿಲ್ಲ, ಬಾಯಿಗೂ ಇಲ್ಲ. ಮಡಿಲಲ್ಲಿನ ಫೋನು ಹೂಂಗುಟ್ಟುತ್ತಾ ಹೆಣ್ಣುಮಕ್ಕಳ ಅರ್ಜಿ ತುಂಬುತ್ತಿದೆ. ಸೈಬರ್ ಸೆಂಟರಿನ ಮುಂದೆ ಕ್ಯೂ ಇಲ್ಲ, ಸರ್ವರ್ ಡೌನ್ ಅನ್ನುವವರಿಲ್ಲ. ಎಷ್ಟು ಚೆಂದ ಅಲ್ಲವೇ?

ಕೊಟ್ರಮ್ಮ ಎದ್ದು ಬಾಗಿಲ ತನಕ ಹೋದವರು ತಿರುಗಿದರು.

‘ಫೋನಿಗೆ ಬಂದ ಮ್ಯಾಲೂ ಮಗಳು ಅಂತಾನ ಹೇಳ್ಬೇಕೇನ್ರಿ? ಅಕಿನ ನಾ ಒಂದು ದಿನಾನೂ ಹಂಗ ಕರದಿಲ್ಲ.’

ಬಿಡುಗಡೆಯ ತಾರೀಖನ್ನಾದರೂ ಊಹಿಸಬಹುದು. ಇದನ್ನು ಮಾತ್ರ ಬ್ರೌಸರ್ ಮಾಡಿದವರಿಗೇ ಬರೆದು ಕೇಳಿದ್ದೇನೆ.