ಸದ್ದಿಗಾಗಿ ಕಾದ ಮೂರು ವಾರ

ಬೆಳಗಿನ ಐದೂವರೆ. ದೆಹಲಿ ಪಕ್ಕದ ಇಂದಿರಾಪುರಂನ ಹನ್ನೊಂದನೇ ಮಹಡಿಯ ಫ್ಲ್ಯಾಟ್‌ನಲ್ಲಿ, ಗಾಜು ಹಾಕಿ ಮುಚ್ಚಿದ ಬಾಲ್ಕನಿಯಲ್ಲಿ ಕುಳಿತು ದೇವಕಿ ಕಾರ್ ರೇಸ್ ಶುರು ಮಾಡುತ್ತಾರೆ. ಒಂದು ಕೀ ಒತ್ತುವಷ್ಟರಲ್ಲಿ ರೇಸ್ ಮುಗಿದೇ ಹೋಗುತ್ತದೆ.

"ನೋಡಿದ್ರಾ? ಆಗಿನ ಕಂಪ್ಯೂಟರ್ ನಿಧಾನ, ಅದಕ್ಕೆ ತಕ್ಕ ಹಾಗೆ ಬರೆದ ಗೇಮ್ ಇದು. ಈಗಿನದರಲ್ಲಿ ಹುಚ್ಚು ಕುದುರೆ ಹಾಗೆ ಓಡುತ್ತೆ," ಎನ್ನುತ್ತಾ ವೇಗ ತುಸು ತಗ್ಗಿಸುತ್ತಾರೆ. ಮತ್ತೆ ಓಡಿಸುತ್ತಾರೆ, ಮತ್ತೆ ತಗ್ಗಿಸುತ್ತಾರೆ. ಏಳೂವರೆಗೆ ಆಫೀಸಿನ ಕ್ಯಾಬ್ ಬರುತ್ತದೆ.

ದೇವಕಿಗೆ ಈಗ ನಲವತ್ತೊಂಬತ್ತು. ಹಗಲು ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ಕೆಲಸ. ತಂದೆ ಚಿತ್ರದುರ್ಗದಿಂದ ಬಂದು ಕೇಂದ್ರ ಸರ್ಕಾರದ ಗುಮಾಸ್ತರಾಗಿದ್ದವರು. ಇವರು ಬೆಳೆದದ್ದು ದೆಹಲಿಯ ಸರೋಜಿನಿ ನಗರದ ಕ್ವಾರ್ಟರ್ಸ್‌ನಲ್ಲಿ. ಓದು ಮುಗಿಸಿ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಹನ್ನೆರಡು ವರ್ಷ ದುಡಿದರು. ಅಂಗಡಿ ಮುಚ್ಚಿತು, ಗಿರಾಕಿಗಳು ಬಿಡಲಿಲ್ಲ. ಇಂದಿಗೂ ವಾರಕ್ಕೆ ಐದಾರು ಜನ ಬೂಷ್ಟು ಹಿಡಿದ ಸಿ.ಡಿ., ಫ್ಲಾಪಿ ಹಿಡಿದುಕೊಂಡು ಬರುತ್ತಾರೆ. ಹೊಸ ಕಂಪ್ಯೂಟರಿನೊಳಗೆ ಹಳೆಯದೊಂದರ ಅನುಕರಣೆ ಕಟ್ಟಿ, ಅದರಲ್ಲಿ ಆಟ ಓಡಿಸುವುದು ಇವರ ವಿದ್ಯೆ. ತಂದ ಆಟಗಳಲ್ಲಿ ಅರ್ಧದಷ್ಟು ಓಡುವುದೇ ಇಲ್ಲ. ಮಣಿಕಟ್ಟು ನೋಯುವುದರಿಂದ ಎಡಗೈಗೆ ಪಟ್ಟಿ ಕಟ್ಟಿಕೊಂಡಿರುತ್ತಾರೆ.

"ಮಮ್ಮಿಗೆ ಹೇಳಿ ಸಾಕಾಯ್ತು. ಕೌನ್ ಖೇಲ್ತಾ ಹೈ ಯೇ ಸಬ್? ಯಾರು ಆಡ್ತಾರೆ ಇದನ್ನೆಲ್ಲ?" ಎಂದು ಚಹಾ ತಂದಿಟ್ಟ ಮಗಳು ಪ್ರಕೃತಿ ನಗುತ್ತಾಳೆ. ದೇವಕಿ ನಗುವುದಿಲ್ಲ. ಮಗಳು ಒಳಗೆ ಹೋದ ಮೇಲೆ ಶಂಕರಪ್ಪನವರ ವಿಷಯ ತೆಗೆಯುತ್ತಾರೆ.

ಶಂಕರಪ್ಪ ತಂದೆಯ ಸಹೋದ್ಯೋಗಿ, ಅದೇ ಕ್ವಾರ್ಟರ್ಸ್‌ನವರು. ಅವರ ಸೆಕ್ಷನ್ನಿಗೆ ಬಂದ ಮೊದಲ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟವೊಂದಿತ್ತು. ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಆಡಿಯೇ ಅವರು ಮನೆಗೆ ಬರುತ್ತಿದ್ದದ್ದು. ಎರಡು ವರ್ಷದ ಹಿಂದೆ ಆ ಫ್ಲಾಪಿ ಹುಡುಕಿ ತಂದುಕೊಟ್ಟರು. "ಕಣ್ಣು ಮಂಜಾಗ್ತಾ ಇದೆ ದೇವಕಿ. ಸ್ವಲ್ಪ ಬೇಗ ಮಾಡಿಕೊಡಮ್ಮ," ಎಂದಿದ್ದರು.

"ವಯಸ್ಸಾದವರು ಎಲ್ಲರೂ ಹೇಳೋ ಮಾತು ಅಂದ್ಕೊಂಡೆ," ಎನ್ನುತ್ತಾರೆ ದೇವಕಿ. "ಎರಡೇ ದಿನಕ್ಕೆ ವಿಮಾನ ಮೇಲೆ ಎದ್ದಿತು. ಸದ್ದು ಮಾತ್ರ ಬರಲಿಲ್ಲ. ಇಂಜಿನ್ ಸದ್ದಿಲ್ಲದೆ ಹೇಗೆ ಕೊಡೋದು? ನನ್ನ ಕೆಲಸ ಅರೆಬರೆ ಅನ್ನಿಸಬಾರದು ಅಂತ ಜಂಬ. ಅಂಕಲ್ ಫೋನ್ ಮಾಡಿದಾಗೆಲ್ಲ ಮುಂದಿನ ವಾರ ಅಂದೆ. ಮೂರು ಸಲ ಹಾಗೆ ಅಂದೆ."

ನಾಲ್ಕನೆಯ ವಾರ ಸದ್ದು ಬಂತು. ಲ್ಯಾಪ್‌ಟಾಪ್ ಹಿಡಿದು ಹೋದರೆ, ಶಂಕರಪ್ಪ ಗೋಡೆ ಸವರಿಕೊಂಡು ಬಂದು ಬಾಗಿಲು ತೆಗೆದರು. ಹಿಂದಿನ ವಾರವಷ್ಟೇ ದೃಷ್ಟಿ ಪೂರ್ತಿ ಹೋಗಿತ್ತು. ಆದರೂ ಕುರ್ಚಿ ಎಳೆದುಕೊಂಡು ಕುಳಿತು, ಆಟ ಹಚ್ಚಲು ಹೇಳಿದರು. ಇಂಜಿನ್ ಗುಡುಗಿತು. ತಲೆ ವಾಲಿಸಿ ಕೊನೆಯವರೆಗೂ ಕೇಳಿದರು.

"ಸದ್ದು ಹಾಗೇ ಇದೆಯಮ್ಮ. ಅಚ್ಛಾ ಮಾಡಿದ್ದೀಯ," ಎಂದರಂತೆ.

"ಬೈದಿದ್ರೆ ಇಷ್ಟು ನೋಯ್ತಿರಲಿಲ್ಲ," ಎಂದು ದೇವಕಿ ಕನ್ನಡಕ ತೆಗೆದು ಒರೆಸುತ್ತಾರೆ. "ಸದ್ದಿಲ್ಲದೇ ಕೊಟ್ಟಿದ್ರೂ ಹದಿನೈದು ದಿನ ಆಡ್ತಿದ್ರು. ಅದನ್ನ ನಾನು ತಪ್ಪಿಸಿಬಿಟ್ಟೆ."

ಏಳು ಗಂಟೆಗೆ ಫೋನ್ ಬರುತ್ತದೆ. ಗುರುಗ್ರಾಮದ ಲಾವಣ್ಯಾ, ಕಾರ್ ರೇಸ್ ಗೇಮಿನ ಒಡತಿ. ಕೆಲಸ ಎಲ್ಲಿಗೆ ಬಂತು ಎಂದು ಸಂಕೋಚದಿಂದಲೇ ಕೇಳುತ್ತಾರೆ. ತೆರೆಯ ಮೇಲೆ ಕಾರು ಈಗ ಹದವಾಗಿ ಓಡುತ್ತಿದೆ; ಆದರೆ ರಸ್ತೆ ಪೂರ್ತಿ ನೇರಳೆ ಬಣ್ಣ, ಆಕಾಶ ಕಪ್ಪು.

"ಬಣ್ಣ ಕೆಟ್ಟಿದೆ," ಎನ್ನುತ್ತಾರೆ ದೇವಕಿ. "ಅದು ಆಮೇಲೆ ನೋಡೋಣ. ನೀವು ಇವತ್ತೇ ಬಂದು ತಗೊಂಡು ಹೋಗಿ, ಆಡ್ತಾ ಇರಿ."