ಬಾಣಂತಿ ಕೋಣೆಯ ಹೋತ

ಚೊಚ್ಚಲ ಹೆರಿಗೆಗೆ ನಾನು ಶಹಾಪುರದಾಚೆಯ ತವರಿಗೆ ಬಂದಾಗ ಇನ್ನೂ ನಿಜಾಮರ ಆಳ್ವಿಕೆ. ಅಪ್ಪ ನಮ್ಮ ಸೀಮೆಯ ಕರಿ ಆಡು ಸಾಕಿದ್ದ. ಜಾಲಿಕಾಯಿ, ಒಣಸೊಪ್ಪು ತಿಂದೇ ಕಡುಬೇಸಿಗೆಯಲ್ಲೂ ಸೊರಗದ ತಳಿ. ಸೂಲಿಗೆ ಎರಡೆರಡು ಮರಿ. ಬೀಜದ ಹೋತ ಮಾತ್ರ ಒಂದೇ. ಊರಿನ ಆಡುಗಳಿಗೆಲ್ಲ ಅದೇ ಗತಿ.

ನನ್ನ ಪುರುಡು ಇನ್ನೂ ಕಳೆದಿರಲಿಲ್ಲ. ದೌರಾಕ್ಕೆಂದು ಊರೂರು ಸುತ್ತುತ್ತ ಬಂದ ಸಾಹೇಬರೊಬ್ಬರು ಕೆರೆದಂಡೆಯಲ್ಲಿ ಡೇರೆ ಹಾಕಿದ್ದಾರೆ, ಜವಾನರು ಆಡು ಹಿಡಿಯಲು ಬರುತ್ತಿದ್ದಾರೆ ಎಂದು ಸುದ್ದಿ ಬಂತು. ಬಿಟ್ಟಿ ಕೊಡಬೇಕು, ಒಲ್ಲೆ ಎನ್ನುವಂತಿಲ್ಲ. ಅಪ್ಪ ಹಿಂಡನ್ನು ಗುಡ್ಡದಾಚೆ ಅಟ್ಟಿದ. ಹೋತ ಮಾತ್ರ ಅಂಗಳ ಬಿಟ್ಟು ಕದಲಲಿಲ್ಲ. ಅವ್ವ ಅದರ ಕೊಂಬು ಹಿಡಿದೆಳೆದು ತಂದು ನನ್ನ ಹೊರಸಿನ ಹಿಂದೆ ಕಟ್ಟಿದಳು. ಮಸ್ತಿಗೆ ಬಂದ ಹೋತ, ಗಡ್ಡದ ತುಂಬ ಅದರದೇ ಉಚ್ಚೆ. ಅವ್ವ ಕೆಂಡಕ್ಕೆ ಲೋಬಾನ ಸುರಿದರೂ ಆ ನಾತ ಮಗುವಿನ ಕೌದಿಗೂ ಹತ್ತಿತು.

ಜವಾನ ಬಾಗಿಲಿಗೇ ಬಂದ. "ಹೋತ ಎಲ್ಲಿ?"

"ಅಡವಿಗೆ ಹೋಗೇದ್ರಿ," ಅಂದ ಅಪ್ಪ.

"ಒಳಗ ಬಾಣಂತಿ ಅದಾಳ್ರಿ, ಪುರುಡು ಹೋಗಿಲ್ಲ. ದೂರ ನಿಂದರ್ರಿ," ಅಂದಳು ಅವ್ವ.

ಅಷ್ಟರಲ್ಲಿ ಹೋತ ಗುಟುರು ಹಾಕಿತು. ಆ ದನಿ ಮುಚ್ಚಲು ಅವ್ವ ಒಳಬಂದು ಮಗುವಿನ ಅಂಗಾಲು ಚಿವುಟಿದಳು. ಮಗು ಕಿರುಚಿ ಅತ್ತಿತು.

ಜವಾನ ಮೂಗು ಮುಚ್ಚಿಕೊಂಡು ನಕ್ಕ. "ನಿಮ್ಮ ಬಾಣಂತಿಗೆ ಗಡ್ಡ ಬಂದದೇನವ್ವ?"

ಓಣಿಯ ಗಂಡಸರೂ ನಕ್ಕರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಪುರುಡಿನ ಮನೆಯೊಳಗೆ ಅವನು ಕಾಲಿಡಲಿಲ್ಲ, ಪಕ್ಕದ ಮನೆಗೆ ನಡೆದ.

ಅದು ಚಿಗವ್ವನ ಮನೆ. ಸಂಬಂಧಿಯಲ್ಲ; ಬಾಯಿತುಂಬ ಹಾಗೆ ಕರೆಯುತ್ತಿದ್ದೆವು. ಗಂಡ ತೀರಿದವಳು. ನನಗೂ ಮಗುವಿಗೂ ದಿನಾ ಎಣ್ಣೆ ತಿಕ್ಕಿ ನೀರೆರೆಯುತ್ತಿದ್ದವಳು ಅವಳೇ. ಅವಳಿಗಿದ್ದುದು ಒಂದೇ ಆಡು, ತುಂಬಿದ ಗಬ್ಬ. ಗುಡ್ಡ ಹತ್ತಲಾರದೆಂದು ಮನೆಯಲ್ಲೇ ಕಟ್ಟಿದ್ದಳು.

"ಗಬ್ಬದ ಆಡ್ರಿ, ಬಿಡ್ರಿ," ಎಂಬ ಅವಳ ದನಿ ಗೋಡೆಯಾಚೆಯಿಂದ ಕೇಳಿತು.

"ಹೋತ ಸಿಕ್ಕಿದ್ರ ಬಿಡ್ತಿದ್ವಿ," ಅಂದ ಜವಾನ.

ಆಡು ಅರಚುತ್ತ ಓಣಿ ದಾಟಿತು. ನಾವು ಮೂವರೂ ಬಾಯಿ ಬಿಡಲಿಲ್ಲ.

ಮರುದಿನ ಅವಳು ಎಂದಿನಂತೆ ಬಂದಳು. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಾಗ ನಾತ ಅವಳ ಮೂಗಿಗೂ ಬಡಿದಿರಬೇಕು. "ಕೌದಿ ಒಗೀರಿ, ಕೂಸಿಗೆ ಆಗಿಬರಂಗಿಲ್ಲ," ಎಂದಳು ಅಷ್ಟೇ. ಬೈದಿದ್ದರೆ ನಾನು ತಲೆ ಎತ್ತುತ್ತಿದ್ದೆನೇನೋ.

ಹಿಂಡು ಗುಡ್ಡದಿಂದ ಮರಳಿದ ಮೇಲೆ ಅಪ್ಪ ಒಂದು ಹೆಣ್ಣುಮರಿಯನ್ನು ಅವಳ ಗೂಟಕ್ಕೆ ಕಟ್ಟಿ ಬಂದ. ಸಂಜೆಗೆ ಅದು ಹಗ್ಗ ಹರಿದುಕೊಂಡು ತಾಯಿಯ ಬಳಿಗೆ ಓಡಿಬಂತು. ಅಪ್ಪ ಮತ್ತೆ ಹೊತ್ತೊಯ್ದ, ಅದು ಮತ್ತೆ ಬಂತು. ಓಣಿಯ ಜನ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ಅಪ್ಪ ತಲೆ ತಗ್ಗಿಸಿ ನಡೆಯುತ್ತಿದ್ದ. ಕೊನೆಗೆ ಅವಳೇ ಮರಿಯನ್ನು ಎತ್ತಿಕೊಂಡು ಬಂದಳು.

"ಅಣ್ಣಾ, ಹಾಲು ಬಿಡೂಮಟ ಇಲ್ಲೇ ಇರ್ಲಿ. ಆಮ್ಯಾಲ ಒಯ್ತೀನಿ."

ನಾನು ಗಂಡನ ಮನೆಗೆ ಹೊರಟ ದಿನ ಮರಿ ಅವಳ ಅಂಗಳದಲ್ಲಿ ಸೊಪ್ಪು ತಿನ್ನುತ್ತಿತ್ತು. ನಾನು ಅವಳ ಕಾಲಿಗೆ ಬಿದ್ದೆ. ಅವಳು ಮಗುವಿನ ಗಲ್ಲಕ್ಕೆ ಕಾಡಿಗೆಯ ಬೊಟ್ಟಿಟ್ಟಳು.